ಕೌದಿಯ ಹೊಟ್ಟೆಯೊಳಗಿನ ಕೌದಿ

ದಸರೆಗೆ ಮುಂಚೆ ಮನೆಯ ಹಾಸಿಗೆ, ಹೊದಿಕೆ ಎಲ್ಲ ಒಗೆಯಲೇಬೇಕು. ಸಣ್ಣವರಿದ್ದಾಗ ಚಕ್ಕಡಿಯಲ್ಲಿ ಹೇರಿಕೊಂಡು ಮಲಪ್ರಭೆಗೆ ಹೋಗುತ್ತಿದ್ದೆವು. ಈಗ ಬೆಂಗಳೂರಿನ ಮೂರನೇ ಮಹಡಿಯಲ್ಲಿ ಬಾತ್‌ರೂಮೇ ಹೊಳೆ. ಹಳೆ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಅಜ್ಜಿ ಹೊಲಿದಿದ್ದ ಕೌದಿ ನೆನೆದು ಹೆಣಭಾರವಾಗಿತ್ತು. ಎತ್ತುವಾಗ ಬಕೆಟ್ಟಿನ ಹಿಡಿಕೆಗೆ ಸಿಕ್ಕು ಪರ್ರಂತ ಹರಿಯಿತು.

ಒಣಗಿದ ಮೇಲೆ ಹರಿದಲ್ಲಿ ಬೆರಳು ಹಾಕಿ ನೋಡಿದೆ. ಮೇಲೆ ಗುಳೇದಗುಡ್ಡ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಚೌಕ. ಅದರಡಿ ಅಜ್ಜನ ಧೋತರ, ಕೆನೆಬಣ್ಣಕ್ಕೆ ತಿರುಗಿದ್ದು. ಅದರಡಿ ಮತ್ತೆ ಟಾಕಿ ಅಂದರೆ ಹೊಲಿಗೆ, ಮತ್ತೆ ತ್ಯಾಪಿ ಅಂದರೆ ತೇಪೆ. ಒಳಗೆ ಇನ್ನೊಂದು ಇಡೀ ಕೌದಿ!

ಅವ್ವನಿಗೆ ಫೋನ್ ಮಾಡಿದೆ. "ಅದು ನಮ್ಮತ್ತಿಯ ಅತ್ತೀದು. ಮ್ಯಾಲಿಂದ ಜೀರ್ಣ ಆಗಿತ್ತು, ಒಳಗ ಚಲೋ ಇತ್ತು. ಯಾಕ ಒಗೀಬೇಕು?" ನಮ್ಮ ಕಡೆ ಒಗಿ ಅಂದರೆ ತೊಳೆ ಅಂತಲೂ ಹೌದು, ಎಸೆ ಅಂತಲೂ ಹೌದು. ನಾನು ಎರಡನ್ನೂ ಒಟ್ಟಿಗೇ ಮಾಡಿದಂತಾಗಿತ್ತು.

ಅದರ ಹಾಗೆಯೇ ಒಂದು ಹೊಲಿಯೋಣವೆಂದು ಕೂತೆ. ಮೊದಲನೆಯದು ಕೆಟ್ಟಿತು. ಜಾಣತನ ಮಾಡಿ ಹೊಸ ಕೆಂಪು ಕಾಟನ್ ಕೊಂಡು ತಂದಿದ್ದೆ. ಒಂದೇ ಒಗೆತಕ್ಕೆ ಬಣ್ಣ ಬಿಟ್ಟು ಬಿಳಿ ಚೌಕಗಳೆಲ್ಲ ಗುಲಾಬಿಯಾದವು, ಮೇಲಿಂದ ಬಟ್ಟೆ ಕುಗ್ಗಿ ಹಪ್ಪಳದಂತೆ ಸೊಟ್ಟಗಾಯಿತು. ಕೌದಿಗೆ ಹಳೆ ಬಟ್ಟೆಯೇ ಯಾಕೆ ಅಂತ ಆಗ ತಿಳಿಯಿತು. ನೂರು ಸಲ ಒಗೆಸಿಕೊಂಡ ಸೀರೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವ ಬಣ್ಣ ಬಿಟ್ಟಿರುತ್ತದೆ, ಗಂಜಿ ಹೋಗಿ ಸೂಜಿಗೆ ದಾರಿ ಕೊಡುತ್ತದೆ.

ಎರಡನೆಯದಕ್ಕೆ ಅವ್ವನ ಇಳಕಲ್ ಸೀರೆ ಸಿಕ್ಕಿತು. ನೂಲಿನ ಮೈ ಬೆಣ್ಣೆಯಂತೆ ಹೊಲಿಸಿಕೊಂಡಿತು. ಆದರೆ ಮೈಗೂ ಕೆಂಪು ರೇಷ್ಮೆ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರಲ್ಲ, ಆ ಗೆರೆಯ ಹತ್ತಿರ ಬಂದಾಗಲೆಲ್ಲ ಸೂಜಿ ತಡೆಯುತ್ತಿತ್ತು. ಎರಡು ಸೂಜಿ ಮುರಿದವು. ಕಡೆಗೆ ದಬ್ಬಣ ಹಿಡಿದೆ.

ನೆಲದ ಮೇಲೆ ಹಾಸಿ, ನಾಲ್ಕೂ ಕಡೆ ಭಾರ ಇಟ್ಟು, ಅಂಚಿನಿಂದ ಸುತ್ತುತ್ತಾ ನಡುವಿಗೆ ಬರಬೇಕು. ಎಡಗೈಯಿಂದ ಸುಕ್ಕನ್ನು ಮುಂದೆ ಮುಂದೆ ತಳ್ಳುತ್ತಾ ಹೋಗುವುದು. ಸಾಲು ಸಾಲಿನ ನಡುವೆ ಒಂದು ಬೆರಳು ಜಾಗ. ಅಜ್ಜಿಯದು ಅರ್ಧ ಬೆರಳು. ಕನ್ನಡಕವಿಲ್ಲದೆ, ಕಂದೀಲಿನ ಬೆಳಕಲ್ಲಿ! ನನಗೆ ಟ್ಯೂಬ್‌ಲೈಟ್ ಕೆಳಗೂ ಮೂರು ಸಾಲಿಗೆ ಸೊಂಟ ಹಿಡಿಯುತ್ತಿತ್ತು. ದೀಪಾವಳಿಗೆ ಹಿಡಿದದ್ದು ಯುಗಾದಿಗೆ ಮುಗಿಯಿತು.

ಹಳೆಯದನ್ನು ಒಳಗೆ ಹಾಕಲು ಮಾತ್ರ ಮನಸ್ಸಾಗಲಿಲ್ಲ. ಆ ಖಣದ ಚೌಕಗಳು ಇನ್ನು ಕಣ್ಣಿಗೆ ಬೀಳುವುದಿಲ್ಲವಲ್ಲ ಅಂತ.

ಮೂಲೆಗಳಿಗೆ ಮಡಿಸಿದ ತ್ರಿಕೋನ ಹಚ್ಚಿದೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯನ್ನು ಕವಂದಿ ಅಂತಾರೆ, ಈ ತ್ರಿಕೋನಕ್ಕೆ ಫುಲ ಅಂತಾರೆ. ಫುಲ ಇಡದೆ ಅವರ ಕವಂದಿ ಮುಗಿಯುವುದಿಲ್ಲ.

ಹೋದ ವಾರ ಅವ್ವ ಬಂದಳು. ಕೌದಿಯ ಮೇಲೆ ಅಂಗೈ ಆಡಿಸಿ, "ಟಾಕಿ ಇರುವಿ ದಾರಿ ತಪ್ಪಿದಂಗ ಆಗ್ಯಾವ" ಅಂದಳು. ಆಮೇಲೆ ತೂಕ ನೋಡಿದಳು. "ಹಗುರ ಐತಿ. ಹಳೇದು ಎಲ್ಲೈತಿ?"

ಕಪಾಟಿನಿಂದ ತೆಗೆದುಕೊಟ್ಟೆ. ಎರಡನ್ನೂ ಒಂದರ ಮೇಲೊಂದು ಹಾಸಿ ಅಳತೆ ಹಿಡಿದಳು. ಹೊಸದು ಗೇಣು ದೊಡ್ಡದಿತ್ತು. ನನ್ನನ್ನೊಂದು ಮಾತು ಕೇಳದೆ ಒಂದು ಮೂಲೆಯ ತ್ರಿಕೋನ ಬಿಚ್ಚತೊಡಗಿದಳು.