ಒಂದು ಕಪ್ಪು ವೈರ್

ಎರಡು ದಿನದಿಂದ ಕೋಡ್‌ನಲ್ಲೇ ತಪ್ಪು ಹುಡುಕುತ್ತಿದ್ದೆ. ಸರ್ವೋ ಮೋಟಾರ್ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ತಿರುಗಲು ಶುರು ಮಾಡಿದ ಕೂಡಲೇ ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೋ ಊನೋ ರೀಸೆಟ್ ಆಗುತ್ತಿತ್ತು. ಕೋಡ್ ಸರಿಯಾಗೇ ಇತ್ತು. ಸಾಲದೆ ಹೋಗಿದ್ದು ಕರೆಂಟ್.

ಈ ಬೋರ್ಡ್‌ನ ಒಂದು ಪಿನ್‌ನಿಂದ 20 ಮಿಲಿಆಂಪ್ ತೆಗೆದುಕೊಂಡರೆ ಕ್ಷೇಮ. 40 ಅದರ ಕೊನೆಯ ಮಿತಿ. ಒಂದು ಎಲ್‌ಇಡಿಗೆ ಅಷ್ಟು ಧಾರಾಳ. 5 ವೋಲ್ಟ್ ಪಿನ್ ಜಾಸ್ತಿ ಕೊಡುತ್ತದೆ ನಿಜ, ಆದರೆ ಯುಎಸ್‌ಬಿಯಿಂದ ಸಿಗುವುದೇ ಸುಮಾರು 500 ಮಿಲಿಆಂಪ್. ಚಿಕ್ಕ ಸರ್ವೋ ಕೂಡ ಹೊರಡುವ ಕ್ಷಣದಲ್ಲಿ ಅದರ ದೊಡ್ಡ ಪಾಲನ್ನು ಎಳೆದುಬಿಡುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಚಿಪ್ ಮತ್ತೆ ಮೊದಲಿನಿಂದ ಶುರು.

ಇವತ್ತು ಸರ್ವೋಗೆ ಬೇರೆಯೇ 5 ವೋಲ್ಟ್ ಸಪ್ಲೈ ಕೊಟ್ಟೆ. ಬೋರ್ಡ್‌ನಿಂದ ಸಿಗ್ನಲ್ ವೈರ್ ಮಾತ್ರ. ಆದರೂ ಸರ್ವೋ ಸುಮ್ನೆ ನಡುಗುತ್ತಿತ್ತು. ಬೋರ್ಡ್ ಮತ್ತು ಸಪ್ಲೈ ಎರಡರ ಗ್ರೌಂಡ್ (ವೋಲ್ಟೇಜ್ ಅಳೆಯಲು ಶುರು ಮಾಡುವ ಸೊನ್ನೆ ಬಿಂದು) ಸೇರಿಸಿರಲಿಲ್ಲ! ಸಿಗ್ನಲ್ 5 ವೋಲ್ಟ್ ಅಂದರೆ ಯಾವುದರಿಂದ ಅಳೆದರೆ 5 ಅಂತ ಸರ್ವೋಗೆ ತಿಳಿಯಬೇಕು ಅಲ್ವಾ? ಒಂದು ಕಪ್ಪು ವೈರ್ ಸೇರಿಸಿದೆ. ಮೆತ್ತಗೆ, ನಡುಗದೆ ತಿರುಗಿತು. ಇಬ್ಬರ ಮಾತು ಒಬ್ಬರಿಗೊಬ್ಬರಿಗೆ ಅರ್ಥವಾಗಲು ಕಾಲ ಕೆಳಗಿನ ನೆಲ ಒಂದೇ ಇರಬೇಕೇನೋ ಅನ್ನಿಸಿತು, ಅದನ್ನೇ ನೋಡುತ್ತಾ ಕೂತಾಗ.

ನಾಳೆ ಎರಡನೇ ಸರ್ವೋ. ವೋಲ್ಟೇಜ್ ಕುಸಿಯದಂತೆ ಸ್ವಲ್ಪ ಚಾರ್ಜ್ ಕೂಡಿಟ್ಟುಕೊಳ್ಳುವ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂಡ ಸಪ್ಲೈಗೆ ಹಾಕುತ್ತೇನೆ.