ವಕೀಲ ಬಾಸ್ವೆಲ್‌ನನ್ನು ಹುಡುಕಿಕೊಂಡು ಎಡಿನ್‌ಬರೋಗೆ ಹೊರಡುವವರಿಗೆ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋಗೆ ಶನಿವಾರ ತಲುಪುವಂತೆ ಟಿಕೆಟ್ ಮಾಡಿಸಿದ್ದು ನಾನು ಮಾಡಿದ ಮೊದಲ ತಪ್ಪು. ಜೇಮ್ಸ್ ಬಾಸ್ವೆಲ್ ಎಂದರೆ ಇಂಗ್ಲಿಷ್ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್‌ನ ಜೀವನಚರಿತ್ರೆ ಬರೆದವನು ಎಂದು ಓದುಗರು ಬಲ್ಲರು. ನನಗೆ ಬೇಕಾಗಿದ್ದವನು 1766ರಲ್ಲಿ ಸನ್ನದು ಪಡೆದು, ಎರಡು ದಶಕ ಇದೇ ಊರಿನಲ್ಲಿ ವಕೀಲಿ ಮಾಡುತ್ತ, ನಡುನಡುವೆ ರಾಜಕೀಯ ಕಿರುಹೊತ್ತಿಗೆಗಳನ್ನು ಅಚ್ಚು ಹಾಕಿಸಿ ದೊಡ್ಡವರನ್ನು ಎದುರು ಹಾಕಿಕೊಂಡ ಬಾಸ್ವೆಲ್. ಆತ ಓಡಾಡಿದ ನ್ಯಾಯಾಲಯದ ಸಭಾಂಗಣ ವಾರಾಂತ್ಯದಲ್ಲಿ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಸೋಮವಾರದಿಂದ ಶುಕ್ರವಾರದೊಳಗೆ ಹೋಗಿರಿ. ಆಗಸ್ಟ್ ತಿಂಗಳ ಉತ್ಸವದ ಜಾತ್ರೆಯನ್ನು ಸಹಿಸುವ ಶಕ್ತಿ ನಿಮಗಿಲ್ಲದಿದ್ದರೆ ಆ ತಿಂಗಳನ್ನೇ ಬಿಟ್ಟುಬಿಡಿರಿ. ನನಗಂತೂ ಅಕ್ಟೋಬರಿನ ಜನಸಂದಣಿಯೇ ಹೆಚ್ಚೆನಿಸಿತು.

ಬಾಗಿಲು ಮುಚ್ಚಿದ್ದ ಆ ದಿನ ಮಾಡಲು ಬೇರೆ ಕೆಲಸವಿಲ್ಲದೆ, ಹದಿನೆಂಟನೆಯ ಶತಮಾನದ ಎಡಿನ್‌ಬರೋ ತೋರಿಸುತ್ತೇವೆಂದ ಒಂದು ಕಾಲ್ನಡಿಗೆಯ ತಂಡಕ್ಕೆ 22 ಪೌಂಡ್ ತೆತ್ತೆ. ಎರಡು ಗಂಟೆ ನೆಲಮಾಳಿಗೆಗಳಲ್ಲಿ ದೆವ್ವದ ಕಥೆ ಕೇಳಿದ್ದೇ ಬಂತು. ಹಳೆಯ ಸಂತೆಯ ಬಯಲಾದ ಗ್ರಾಸ್‌ಮಾರ್ಕೆಟ್‌ನಲ್ಲಿ ಗಲ್ಲುಮರವಿದ್ದ ಜಾಗದಲ್ಲಿ ನಿಂತಾಗಲೂ ಜಾನ್ ರೀಡ್‌ನ ಹೆಸರು ಬರಲಿಲ್ಲ. ಕುರಿ ಕದ್ದ ಆರೋಪ ಹೊತ್ತಿದ್ದ ಈ ರೀಡ್, ಬಾಸ್ವೆಲ್‌ನ ಮೊದಲ ಕ್ರಿಮಿನಲ್ ಕಕ್ಷಿದಾರ. 1766ರಲ್ಲಿ ಬಿಡುಗಡೆಯಾದವನು 1774ರಲ್ಲಿ ಮತ್ತೆ ಸಿಕ್ಕಿಬಿದ್ದು ಇಲ್ಲಿಯೇ ಗಲ್ಲಿಗೇರಿದ. ಬಾಸ್ವೆಲ್ ಆತನ ಪರವಾಗಿ ಬೀದಿಯಲ್ಲಿ ಮಾರುವಂಥ ಒಂದು ಹಾಳೆಯನ್ನು ಬರೆದು ಅಚ್ಚು ಹಾಕಿಸಿದ್ದಲ್ಲದೆ, ಗಲ್ಲಿನಿಂದ ಇಳಿಸಿದ ದೇಹಕ್ಕೆ ಮರಳಿ ಜೀವ ಬರಿಸಲಾದೀತೇ ಎಂದೂ ಯೋಜನೆ ಹಾಕಿದ್ದ. ಮೂವತ್ತು ವರ್ಷ ಕೋರ್ಟು ಸುತ್ತಿದ ನನಗೆ ಯಾವ ದೆವ್ವದ ಕಥೆಗಿಂತಲೂ ಇದು ಮೈ ನಡುಗಿಸುತ್ತದೆ. ಗ್ರಾಸ್‌ಮಾರ್ಕೆಟ್‌ಗೆ ಹೋಗಲು ಯಾರಿಗೂ ಹಣ ಕೊಡಬೇಕಾಗಿಲ್ಲ.

ಕೋಣೆಯ ವಿಷಯದಲ್ಲೂ ಮೋಸಹೋದೆ. ರಾತ್ರಿಗೆ 140 ಪೌಂಡ್ ಕೊಟ್ಟ, 'ಹಳೆಯ ಊರಿನ ನೋಟ' ಇರುವ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಮೂರಡಿ ದೂರದಲ್ಲಿ ಗೋಡೆ. ಲಿಫ್ಟ್ ಇಲ್ಲದ ಐದು ಅಂತಸ್ತಿನ ಸುರುಳಿ ಮೆಟ್ಟಿಲು ಬೇರೆ. ಮಂಡಿನೋವಿನವರು ಬುಕ್ ಮಾಡುವ ಮೊದಲು ಯಾವ ಅಂತಸ್ತೆಂದು ಬರೆದು ಕೇಳಿರಿ.

ಸೋಮವಾರ ಬೆಳಿಗ್ಗೆ ಆ ಸಭಾಂಗಣಕ್ಕೆ, ಅಂದರೆ ಸಂತ ಜೈಲ್ಸ್ ಚರ್ಚಿನ ಹಿಂದಿನ ಪಾರ್ಲಿಮೆಂಟ್ ಹಾಲ್‌ಗೆ, ಹೋದೆ. ಪ್ರವೇಶ ಉಚಿತ, ಬಾಗಿಲಲ್ಲಿ ಚೀಲದ ತಪಾಸಣೆಯಷ್ಟೇ. ಹದಿನೇಳನೆಯ ಶತಮಾನದ ಮರದ ಛಾವಣಿಯ ಕೆಳಗೆ, ಮಾತು ಮೂರನೆಯವರ ಕಿವಿಗೆ ಬೀಳದಿರಲೆಂದು ವಕೀಲರು ಇಂದಿಗೂ ಆ ತುದಿಯಿಂದ ಈ ತುದಿಗೆ ಜೋಡಿಯಾಗಿ ನಡೆಯುತ್ತ ಮಾತಾಡುತ್ತಾರೆ. ನಮ್ಮ ಕೋರ್ಟಿನ ಪಡಸಾಲೆಯಲ್ಲಿ ಕಂಬಕ್ಕೊರಗಿ ನಾವು ಮಾಡುವುದನ್ನು ಇವರು ಕಾಲ್ನಡಿಗೆಯಲ್ಲಿ ಮಾಡುತ್ತಾರೆ. ಸ್ಕಾಟ್ಲೆಂಡಿನ ಅತ್ಯುನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್‌ನ ಹದಿನೈದು ನ್ಯಾಯಾಧೀಶರನ್ನು ಹತ್ತಕ್ಕೆ ಇಳಿಸುವ ಮಸೂದೆ 1785ರಲ್ಲಿ ಬಂದಾಗ, ಬಾಸ್ವೆಲ್ 'ಸ್ಕಾಟ್ಲೆಂಡಿನ ಜನತೆಗೆ ಪತ್ರ' ಎಂಬ ಹೆಸರಿನ ತನ್ನ ಎರಡನೆಯ ಕಿರುಹೊತ್ತಿಗೆಯನ್ನು ಹೊರಡಿಸಿ, ಇದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡನ್ನು ಒಂದುಗೂಡಿಸಿದ 1707ರ ಒಕ್ಕೂಟದ ಒಪ್ಪಂದಕ್ಕೇ ಭಂಗವೆಂದು ಕೂಗಾಡಿದ, ಮಸೂದೆ ಬಿದ್ದುಹೋಯಿತು. ಪಾರ್ಲಿಮೆಂಟ್ ಸದಸ್ಯನಾಗಬೇಕೆಂಬ ಆತನ ಆಸೆ ಮಾತ್ರ ಕೊನೆಯವರೆಗೂ ಕೈಗೂಡಲಿಲ್ಲ.

ಮೊದಲನೆಯ 'ಪತ್ರ'ವನ್ನು ನೋಡಲು ಅಲ್ಲಿಂದ ಐದು ನಿಮಿಷ ನಡೆದರೆ ಸಿಗುವ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಿರಿ. ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಎರಡನ್ನೂ ಮರೆಯಬೇಡಿರಿ. ನನ್ನ ಪ್ರಯಾಣವೆಲ್ಲ ಸಾರ್ಥಕವಾದದ್ದು ಇಲ್ಲಿ. 1783ರ ಕೊನೆಯ ಈ ಕಿರುಹೊತ್ತಿಗೆ, ಈಸ್ಟ್ ಇಂಡಿಯಾ ಕಂಪನಿಯನ್ನು ಹತೋಟಿಗೆ ತರಲು ಆಗಿನ ಬ್ರಿಟಿಷ್ ಮಂತ್ರಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ತಂದಿದ್ದ ಮಸೂದೆಯನ್ನು ಖಂಡಿಸಿ ಬರೆದದ್ದು. ಅದು ಅಚ್ಚಾಗುತ್ತಿದ್ದ ದಿನಗಳಲ್ಲೇ ಟಿಪ್ಪುವಿನ ಸೇನೆ ಮಂಗಳೂರಿನ ಕೋಟೆಯನ್ನು ಮುತ್ತಿ ಕುಳಿತಿತ್ತು, ಒಳಗೆ ಹಸಿವಿನಿಂದ ಸೊರಗುತ್ತಿದ್ದ ದಂಡಿನ ನಾಯಕ ಜಾನ್ ಕ್ಯಾಂಬೆಲ್ ಇದೇ ಕೋರ್ಟ್ ಆಫ್ ಸೆಷನ್‌ನ ನ್ಯಾಯಾಧೀಶ ಲಾರ್ಡ್ ಸ್ಟೋನ್‌ಫೀಲ್ಡ್‌ನ ಮಗ. ಬಾಸ್ವೆಲ್ ತಲೆಬಾಗಿ ವಾದಿಸುತ್ತಿದ್ದ ಪೀಠದಲ್ಲಿ ಆ ತಂದೆ ಕುಳಿತಿರುತ್ತಿದ್ದ. ಕಿರುಹೊತ್ತಿಗೆಯ ವಾದವೋ ರಾಜನ ಅಧಿಕಾರ ಮತ್ತು ಕಂಪನಿಯ ಸನ್ನದಿನ ಸುತ್ತಲೇ ಸುತ್ತುತ್ತದೆ.

ಮಧ್ಯಾಹ್ನದ ಊಟಕ್ಕೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ವಯಸ್ಸಾದ ಇಬ್ಬರು ಹೆಂಗಸರು ನಡೆಸುವ ಉಪಾಹಾರದ ಕೋಣೆ ಸಿಕ್ಕಿತು. ಮೂರು ದಿನವೂ ಅಲ್ಲಿಗೇ ಹೋದೆ. ಕೆಂಪು ತೊಗರಿಯಂತಿರುವ ಬೇಳೆಯನ್ನು ಕ್ಯಾರೆಟ್ಟಿನೊಡನೆ ಕರಗುವಂತೆ ಬೇಯಿಸಿ, ಕಾಳುಮೆಣಸು ಹಾಕಿ, ಮೇಲೆ ಬೆಣ್ಣೆ ಹಚ್ಚಿದ ದಪ್ಪ ಬ್ರೆಡ್ಡಿನೊಂದಿಗೆ ಐದು ಪೌಂಡಿಗೆ ಕೊಡುತ್ತಾರೆ. ಒಗ್ಗರಣೆಯೊಂದಿದ್ದರೆ ನಮ್ಮ ಮನೆಯ ತೊವ್ವೆಯೇ. ಮೊದಲ ದಿನ ಬಟ್ಟಲು ಖಾಲಿಯಾದದ್ದನ್ನು ನೋಡಿ ಕೇಳದೆಯೇ ಇನ್ನೊಂದು ಸೌಟು ಬಡಿಸಿದರು, ಹಣ ತೆಗೆದುಕೊಳ್ಳಲಿಲ್ಲ. ಆದರೆ ಸಸ್ಯಾಹಾರಿಗಳು ಎಚ್ಚರ: ಈ ನಾಡಿನಲ್ಲಿ ಬೇಳೆಯ ಸೂಪನ್ನು ಹಂದಿಯ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುವ ರೂಢಿಯಿದೆ, ಎಲ್ಲಿಯೇ ಆದರೂ ಕೇಳಿ ತಿನ್ನಿರಿ.

ಬಾಸ್ವೆಲ್‌ನ ತಂದೆಯ ಊರು ಆಖಿನ್‌ಲೆಕ್‌ಗೆ ಹೋಗಬೇಕೇ ಎಂದರೆ, ಮನಸ್ಸಿಲ್ಲದ ಮನಸ್ಸಿನಿಂದ ಬೇಡವೆನ್ನುತ್ತೇನೆ. ಗ್ಲಾಸ್ಗೋದಿಂದ ರೈಲಿದೆ, ಸಂಖ್ಯೆ ಕಡಿಮೆ. ಅಲ್ಲಿಂದ ಮನೆಗೆ ಸುಮಾರು ಐದು ಕಿಲೋಮೀಟರ್. ವೇಳಾಪಟ್ಟಿಯಲ್ಲಿದ್ದ ಬಸ್ಸು ಐವತ್ತು ನಿಮಿಷ ಮಳೆಯಲ್ಲಿ ಕಾಯಿಸಿ ಬರಲೇ ಇಲ್ಲ, ಪಾದಚಾರಿ ದಾರಿಯಿಲ್ಲದ ರಸ್ತೆಯಲ್ಲಿ ನಡೆದೆ. ಮನೆಯನ್ನು ಈಗ ರಜೆ ಕಳೆಯುವವರಿಗೆ ಬಾಡಿಗೆಗೆ ಕೊಡುತ್ತಾರೆ, ಹೊರಗಿನವರಿಗೆ ವರ್ಷದ ಕೆಲವೇ ದಿನ ಪ್ರವೇಶ. ಅದನ್ನು ವಿಚಾರಿಸದೆ ಹೋದದ್ದು ನನ್ನದೇ ತಪ್ಪು. ಗೇಟಿನಿಂದಲೇ ಹಿಂದಿರುಗುವಾಗ ತಂದೆ ಮಗನ ನಡುವಿನ ದೂರ ನೆನಪಾಯಿತು. ಜೋಸೆಫ್ ನೈಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ 1778ರಲ್ಲಿ ಆತನ ಬಿಡುಗಡೆಯ ಪರ ನಿಂತ ನ್ಯಾಯಾಧೀಶರಲ್ಲಿ ತಂದೆಯೂ ಒಬ್ಬ. ಮಗ 1791ರಲ್ಲಿ ಗುಲಾಮಗಿರಿಯ ರದ್ದತಿಯನ್ನು ವಿರೋಧಿಸಿ ಪದ್ಯ ಪ್ರಕಟಿಸಿದ. ಇದನ್ನು ಓದಿದ ಮೇಲೂ ನನಗೆ ಬಾಸ್ವೆಲ್ ಇಷ್ಟವೇ ಎಂದು ಮಗಳು ಫೋನಿನಲ್ಲಿ ಕೇಳಿದಳು. ರೈಲು ಬಂತೆಂದು ಹೇಳಿ ಫೋನ್ ಇಟ್ಟೆ.

ಇನ್ನು, ಆತನ ದಿನಚರಿಯ ಹಸ್ತಪ್ರತಿಗಳನ್ನೇ ಕಾಣಬೇಕೆನ್ನುವವರು ಸ್ಕಾಟ್ಲೆಂಡಿಗೆ ಟಿಕೆಟ್ ತೆಗೆಸಬೇಡಿರಿ. ಅವುಗಳಲ್ಲಿ ಬಹುಪಾಲು ವಂಶಸ್ಥರ ಕೈಯಿಂದ ಡಬ್ಲಿನ್ ಹತ್ತಿರದ ಮಾಲಹೈಡ್ ಕೋಟೆ ಸೇರಿ, 1920ರ ದಶಕದಲ್ಲಿ ಮಾರಾಟವಾಗಿ, ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿವೆ.