ತ್ಸುಬ ಕೊಳ್ಳುವಾಗ ಮೊದಲು ನೋಡಬೇಕಾದ್ದು ನಡುವಿನ ತೂತು

ಕ್ಯೋಟೋದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 21ಕ್ಕೆ ಸಂತೆ ಕೂಡುತ್ತದೆ. ಹಳೆಯ ಕಿಮೋನೊ, ಪಿಂಗಾಣಿ, ಗೊಂಬೆಗಳ ನಡುವೆ ಅಲ್ಲಲ್ಲಿ ಮರದ ತಟ್ಟೆಗಳಲ್ಲಿ ತ್ಸುಬಗಳೂ ಸಿಗುತ್ತವೆ. ಜಪಾನಿ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ಬಿಲ್ಲೆ ಅದು. ಕೈ ಜಾರಿ ಅಲಗಿನ ಮೇಲೆ ಹೋಗದಂತೆ ತಡೆಯುತ್ತದೆ. ಆ ದಿನ ತಟ್ಟೆಯಲ್ಲಿ ಕಣ್ಣಿಗೆ ಬಿದ್ದದ್ದು ದುಂಡನೆಯ ಕಬ್ಬಿಣದ ತ್ಸುಬ. ಅಡ್ಡಳತೆ 7.6 ಸೆಂ.ಮೀ., ಅಂಚಿನ ದಪ್ಪ 5 ಮಿ.ಮೀ., ರೆಕ್ಕೆ ಬಿಚ್ಚಿದ ಎರಡು ಕೊಕ್ಕರೆಗಳನ್ನು ಬಿಟ್ಟು ಉಳಿದ ಕಬ್ಬಿಣವನ್ನೆಲ್ಲ ಆಚೆಯಿಂದೀಚೆಗೆ ಕತ್ತರಿಸಿ ತೆಗೆದ ಕೆಲಸ. ಅಲ್ಲಲ್ಲಿ ಕೆಂಪು ತುಕ್ಕು.

ಹೊಸಬರ ಕಣ್ಣು ಕೊಕ್ಕರೆಗಳ ಮೇಲೆ ಹೋಗುತ್ತದೆ. ಹೋಗಬೇಕಾದ್ದು ನಡುವಿನ ತೂತಿನ ಮೇಲೆ. 1876ರಲ್ಲಿ ಜಪಾನಿನ ಮೇಜಿ ಸರ್ಕಾರ ಜನ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತು. ಸಾವಿರಾರು ಕತ್ತಿಗಳ ಸಜ್ಜು ಬಿಚ್ಚಿ ಬೇರೆ ಬೇರೆಯಾಯಿತು, ತ್ಸುಬಗಳು ಹಡಗು ಹತ್ತಿ ಯುರೋಪು, ಅಮೆರಿಕಗಳ ಸಂಗ್ರಹ ಸೇರಿದವು. ಹೀಗಾಗಿ ಇವತ್ತು ನಮ್ಮ ಕೈಗೆ ಬರುವ ಬಹುಪಾಲು ತ್ಸುಬಗಳ ಜೊತೆ ಕತ್ತಿ ಇಲ್ಲ. ಕತ್ತಿಯ ಬಗ್ಗೆ ಏನಾದರೂ ಸಾಕ್ಷಿ ಉಳಿದಿದ್ದರೆ ಅದು ನಕಾಗೊ-ಅನದಲ್ಲಿ, ಅಂದರೆ ಅಲಗಿನ ಬುಡ ಹಾದು ಹೋಗುವ ಆ ತೂತಿನಲ್ಲಿ.

ಅಂಗಡಿಯವರನ್ನು ಕೇಳಿ, ಅಂಚನ್ನಷ್ಟೇ ಹಿಡಿದು ಎತ್ತಿ. ಬೆರಳಿನ ಬೆವರು ತಾಗಿದಲ್ಲಿ ಕಬ್ಬಿಣ ಹೊಸದಾಗಿ ತುಕ್ಕು ಹಿಡಿಯುತ್ತದೆ. ತೂತಿನ ಚೂಪು ತುದಿ ಮೇಲಕ್ಕೆ ಬರಬೇಕು. ಅಲಗಿನ ಬಾಯಿ ಇದ್ದ ಕಡೆ ಅದು. ಹಿಡಿಯ ಕಡೆಗಿದ್ದ ಮುಖವೇ ಮುಂಭಾಗ. ಮುಂಭಾಗದಿಂದ ನೋಡಿದಾಗ ಸಾಮಾನ್ಯವಾಗಿ ಎಡಕ್ಕೆ ಅರ್ಧಚಂದ್ರಾಕಾರದ ಕಂಡಿ, ಬಲಕ್ಕೆ ಮೂರು ದಳದ ಕಂಡಿ ಇರುತ್ತವೆ. ಒರೆಯ ಪಕ್ಕದಲ್ಲಿ ಸಿಕ್ಕಿಸಿಡುವ ಸಣ್ಣ ಚಾಕು ಕೊಜುಕ ಎಡಗಡೆಯದರಲ್ಲೂ, ಕೂದಲು ತಿದ್ದುವ ಕಡ್ಡಿ ಕೋಗೈ ಬಲಗಡೆಯದರಲ್ಲೂ ಹಾಯುತ್ತಿದ್ದವು. ಈ ತ್ಸುಬದಲ್ಲಿ ಬಲಗಡೆಯ ಕಂಡಿ ಒಂದು ಕೊಕ್ಕರೆಯ ರೆಕ್ಕೆಯ ತುದಿಯನ್ನು ಕಡಿದುಕೊಂಡು ಹೋಗಿತ್ತು. ಚಿತ್ರ ಯೋಜಿಸಿದವನು ತನ್ನ ರೆಕ್ಕೆಯನ್ನು ತಾನೇ ಕಡಿಯುವುದಿಲ್ಲ. ಕಂಡಿ ಆಮೇಲೆ ತೆಗೆದದ್ದು, ಕೋಗೈ ಇರುವ ಬೇರೊಂದು ಒರೆಗೆ ಹೊಂದಿಸಲು.

ತೂತಿನ ಮೇಲಿನ ಮತ್ತು ಕೆಳಗಿನ ತುದಿಯಲ್ಲಿ ತಾಮ್ರದ ತುಂಡುಗಳನ್ನು ಕೂರಿಸಿದ್ದರು. ಇವಕ್ಕೆ ಸೆಕಿಗಾನೆ ಎನ್ನುತ್ತಾರೆ. ತಾಮ್ರ ಮೆತ್ತಗಿರುವುದರಿಂದ ಅಲಗಿನ ಬುಡಕ್ಕೆ ಪೆಟ್ಟಾಗದೆ ಬಿಗಿಯಾಗಿ ಕೂರುತ್ತದೆ, ಅರ ಹಾಕಿ ಅಳತೆ ತಿದ್ದಲೂ ಸುಲಭ. ಭೂತಗನ್ನಡಿಯಲ್ಲಿ ನೋಡಿದರೆ ಕೆಳಗಿನ ತುಂಡಿನ ಮೇಲೆ ಎರಡು ಬಗೆಯ ಅರದ ಗೆರೆ: ಒಂದು ಅಡ್ಡ, ಸವೆದು ಕಪ್ಪಾದದ್ದು, ಇನ್ನೊಂದು ಓರೆ, ಕೊಂಚ ಚೂಪಾಗಿ ಉಳಿದದ್ದು. ತೂತಿನ ಸುತ್ತ ಕಬ್ಬಿಣದ ಮೇಲೆ ಚಾಣದ ಗುದ್ದು ಗುರುತುಗಳೂ ಇದ್ದವು. ಸಣ್ಣ ಅಲಗಿಗೆ ಹಾಕುವಾಗ ಲೋಹವನ್ನು ಒಳಕ್ಕೆ ತಳ್ಳಿ ತೂತು ಕಿರಿದಾಗಿಸುವ ರೀತಿ ಅದು. ಕಡಿಮೆಯೆಂದರೂ ಎರಡು ಅಲಗುಗಳು ಇಲ್ಲಿ ಹಾದು ಹೋಗಿವೆ.

ತೂತಿನ ಸುತ್ತಲಿನ ಮೊಟ್ಟೆಯಾಕಾರದ ಜಾಗ, ಸೆಪ್ಪಾ-ದೈ, ತ್ಸುಬದ ಎರಡೂ ಕಡೆ ತಾಮ್ರದ ತೆಳು ವಾಷರುಗಳ ಅಡಿಯಲ್ಲಿ ಮುಚ್ಚಿರುತ್ತಿತ್ತು. ಅಲ್ಲಿನ ಬಣ್ಣ ಸುತ್ತಲಿನದಕ್ಕಿಂತ ತುಸು ಬೇರೆ ಇದ್ದರೆ ತ್ಸುಬ ನಿಜವಾಗಿ ಬಳಕೆಯಲ್ಲಿತ್ತು ಎನ್ನಬಹುದು. ಗುರುತು ಇಲ್ಲದ್ದಕ್ಕೇ ನಕಲಿ ಎಂದು ಬದಿಗಿಡಬೇಡಿ. ಎದೋ ಕಾಲದ (1603–1868) ಕೊನೆಗೆ, ಮೇಜಿ ಕಾಲದಲ್ಲಿ (1868–1912) ಕತ್ತಿಗೆ ಏರದೆಯೇ ಮಾರಾಟವಾದ ಒಳ್ಳೆಯ ತ್ಸುಬಗಳೂ ಇವೆ. ಗುದ್ದು ಗುರುತನ್ನೂ ತಾಮ್ರದ ತುಂಡನ್ನೂ ನಕಲಿಯವರೂ ಹಾಕಬಲ್ಲರು. ಆದರೆ ಎರಡು ಅರಗಳ ಗೆರೆ, ಅವುಗಳ ಸವೆತ, ಕಡಿದ ರೆಕ್ಕೆ, ವಾಷರಿನ ಗುರುತು ನಾಲ್ಕೂ ಒಂದೇ ಮಾತು ಹೇಳುವಂತೆ ಮಾಡುವುದು ಬಹಳ ಕಷ್ಟ.

ಎರಕದ ನಕಲಿ ಹಿಡಿಯಲು ಕತ್ತರಿಸಿದ ಭಾಗಗಳ ಒಳಗೋಡೆ ನೋಡಿ. ಕೈಕೆಲಸದಲ್ಲಿ ಮೊದಲು ರಂಧ್ರ ಕೊರೆದು, ತಂತಿ ಗರಗಸದಲ್ಲಿ ಕೊಯ್ದು, ಅರದಿಂದ ತಿದ್ದುತ್ತಾರೆ. ಗೋಡೆ ನೆಟ್ಟಗೆ, ಮೂಲೆ ಚೊಕ್ಕ, ಸಣ್ಣ ಗೆರೆಗಳು ಕಾಣುತ್ತವೆ. ಎರಕದಲ್ಲಿ ಮೂಲೆಗಳು ಮೊಂಡು, ಗೋಡೆಯ ನಡುಮಟ್ಟದಲ್ಲಿ ಅಚ್ಚಿನ ಎರಡು ಭಾಗ ಸೇರಿದ ಏಣು, ಗುಳ್ಳೆ ಒಡೆದ ಕುಳಿಗಳು. ದಾರದಲ್ಲಿ ತೂಗಿಸಿ ಉಗುರಿನಿಂದ ತಟ್ಟಿದರೆ ಬಡಿದು ಮಾಡಿದ ಕಬ್ಬಿಣ ನಾದ ಕೊಡುತ್ತದೆ ಎನ್ನುವ ಪರೀಕ್ಷೆಯನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಸೀಸದಿಂದ ಕಂಡಿ ಮುಚ್ಚಿದ್ದರೆ ಅಪ್ಪಟ ತ್ಸುಬವೂ ಮಂಕಾಗಿಯೇ ಸದ್ದು ಮಾಡುತ್ತದೆ.

ಅಂಚನ್ನು ಓರೆ ಬೆಳಕಿಗೆ ಹಿಡಿದು ಸುತ್ತ ತಿರುಗಿಸಬೇಕು. ಓವಾರಿ (ಇಂದಿನ ನಗೋಯಾ ಸುತ್ತಲಿನ ಸೀಮೆ) ಕಡೆಯ ಹಳೆಯ ತ್ಸುಬಗಳ ಅಂಚಿನಲ್ಲಿ ನುಣುಪಾದ ಗಂಟುಗಳು ಮೇಲೆದ್ದಿರುತ್ತವೆ, ತೆಕ್ಕೊತ್ಸು ಎನ್ನುವುದು ಅವನ್ನೇ. ಇಂಗಾಲ ಹೆಚ್ಚಿರುವ ಗಟ್ಟಿ ಕಬ್ಬಿಣ ಸುತ್ತಲಿನ ಮೆತ್ತನೆಯದರಷ್ಟು ಸವೆಯದೆ ಉಳಿದದ್ದು. ಎದೋದ, ಅಂದರೆ ಇಂದಿನ ಟೋಕಿಯೋದ, ಅಕಸಾಕ ಎಂಬ ತ್ಸುಬ ಕಸುಬಿನ ಮನೆತನದ ಕೆಲಸದಲ್ಲಾದರೆ ಮೂರು ಪದರ ಕಬ್ಬಿಣ ಬೆಸೆದ ಗೆರೆ ಅಂಚಿನುದ್ದಕ್ಕೂ ಕಾಣುವುದುಂಟು. ಕೊಕ್ಕರೆಯ ತ್ಸುಬದಲ್ಲಿ ಕಂಡದ್ದು ಪದರ; ಗಂಟು ಒಂದೂ ಇರಲಿಲ್ಲ.

ಸಹಿಯನ್ನು ಎಲ್ಲ ನೋಡಿದ ಮೇಲೆ ಕೊನೆಗೆ ಓದಬೇಕು. ಹೆಸರಾಂತ ತ್ಸುಬ ಕುಶಲಿ ನೊಬುಯಿಯೆಯ ಎರಡಕ್ಷರದ ಸಹಿಯನ್ನು ಎಷ್ಟೋ ಕೈಗಳು ನಕಲು ಮಾಡಿವೆ. ಸಹಿಯಿಲ್ಲದ ಒಳ್ಳೆಯ ಕಬ್ಬಿಣಕ್ಕೆ ಕೊಡುವ ದುಡ್ಡು, ಸಹಿಯಿರುವ ಕೆಟ್ಟ ಕಬ್ಬಿಣಕ್ಕೆ ಕೊಡುವುದಕ್ಕಿಂತ ಯಾವತ್ತೂ ಮೇಲು.

ತುಕ್ಕಿನ ವಿಷಯದಲ್ಲಿ ಆತುರ ಸಲ್ಲದು. ಕೆಂಪು ತುಕ್ಕು ಕಬ್ಬಿಣ ತಿನ್ನುತ್ತದೆ. ಅದರಡಿಯ ಕಪ್ಪು ತುಕ್ಕು ಕಬ್ಬಿಣ ಕಾಯುತ್ತದೆ. ಮೊದಲನೆಯದು ಹೋಗಬೇಕು, ಎರಡನೆಯದು ಉಳಿಯಬೇಕು. ಜಪಾನಿನಲ್ಲಿ ಜಿಂಕೆಯ ಕೊಂಬಿನ ಚೂರನ್ನು ಉಳಿಯಂತೆ ಚೂಪು ಮಾಡಿ ಕೆರೆಯುತ್ತಾರೆ. ಭಾರತದಲ್ಲಿ ವನ್ಯಜೀವಿ ಕಾಯ್ದೆಯಿಂದಾಗಿ ಆ ಕೊಂಬಿನ ಗೊಡವೆ ಬೇಡ. ಎಮ್ಮೆಯ ಮೂಳೆ ಅಥವಾ ಒಣ ಬಿದಿರು ಸಾಕು. ಒಂದು ಕಾಳಿನಷ್ಟು ಜಾಗ ಹಿಡಿದು, ಕೆಂಪು ಪುಡಿ ಬರುವುದು ನಿಲ್ಲುವ ತನಕ ಕೆರೆದು, ಹತ್ತಿ ಬಟ್ಟೆಯಲ್ಲಿ ಒರೆಸಿ ಮುಂದಕ್ಕೆ ಹೋಗಬೇಕು. ಗಟ್ಟಿ ಹೊಪ್ಪಳಕ್ಕೆ ತೆಳು ಎಣ್ಣೆಯ ಒಂದು ಹನಿ ಹಾಕಿ ರಾತ್ರಿ ಬಿಟ್ಟರೆ ಸಡಿಲವಾಗುತ್ತದೆ. ಉಕ್ಕಿನ ನಾರಿನಿಂದ ಉಜ್ಜಿದರೆ ಕಪ್ಪು ಪದರ ಹರಿದು ಬಿಳಿ ಕಬ್ಬಿಣ ಹೊರಬರುತ್ತದೆ, ಅದು ಬೇಗನೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ವಿನಿಗರ್‌ನಲ್ಲಿ ನೆನೆಸಿದರಂತೂ ಇಡೀ ತ್ಸುಬ ಬೂದಿ ಬಣ್ಣ. ಶತಮಾನಗಳ ಮೈಬಣ್ಣ ಮರಳಿ ಬರುವುದಿಲ್ಲ. ಸ್ಪಿರಿಟ್ ಅದ್ದಿದ ಹತ್ತಿಗೆ ಕಪ್ಪು ಮೆತ್ತಿಕೊಂಡರೆ ಅದು ಯಾರೋ ಬಳಿದ ಬಣ್ಣ ಅಥವಾ ಮೇಣ.

ಅದೇ ತಟ್ಟೆಯಲ್ಲಿ ಶಾಕುದೋ ಲೋಹದ ಫುಚಿಯೂ ಇತ್ತು. ಹಿಡಿಯ ಬುಡಕ್ಕೆ ಹಾಕುವ ಪಟ್ಟಿ ಅದು. ಶಾಕುದೋ ಎಂದರೆ ತಾಮ್ರಕ್ಕೆ ನೂರಕ್ಕೆ ಮೂರರಿಂದ ಐದು ಪಾಲಿನಷ್ಟು ಚಿನ್ನ ಬೆರೆಸಿದ ಲೋಹ. ತಾಮ್ರದ ಲವಣಗಳ ದ್ರಾವಣದಲ್ಲಿ ಕುದಿಸಿದಾಗ ಅದು ನೀಲಿ ಮಿಶ್ರಿತ ಕಪ್ಪಾಗುತ್ತದೆ, ಅದರ ಮೇಲಿನ ಚಿನ್ನದ ಕುಸುರಿ ಮಾತ್ರ ಹೊಳೆಯುತ್ತಲೇ ಉಳಿಯುತ್ತದೆ. ಬೀದರಿನ ಬಿದ್ರಿಯಲ್ಲಿ ಕೋಟೆಯ ಮಣ್ಣಿನ ಲೇಪಕ್ಕೆ ಸತುವು ಕಪ್ಪಾಗಿ ಬೆಳ್ಳಿ ಬಿಳುಪಾಗಿಯೇ ನಿಲ್ಲುವುದನ್ನು ಕಂಡವರಿಗೆ ಈ ತರ್ಕ ತಕ್ಷಣ ಹಿಡಿಯುತ್ತದೆ. ಶಾಕುದೋದ ಕಪ್ಪು ಪದರ ಅತಿ ತೆಳು. ಈ ಫುಚಿಗೆ ಯಾರೋ ಹಿತ್ತಾಳೆ ಪಾಲಿಷ್ ತಿಕ್ಕಿದ್ದರು. ಉಬ್ಬಿದ ಕಡೆಯೆಲ್ಲ ತಾಮ್ರದ ಕೆಂಪು ಇಣುಕುತ್ತಿತ್ತು. ಹಿನ್ನೆಲೆಯ ನನಾಕೊ, ಅಂದರೆ ಬಟ್ಟಲು ಬಾಯಿಯ ಚಾಣದಿಂದ ಒಂದೊಂದಾಗಿ ಒತ್ತಿದ ಕಾಳುಗಳು, ಮಾತ್ರ ಸಾಲು ತಪ್ಪದೆ ಉಳಿದಿದ್ದವು. ಮನೆಯಲ್ಲಿ ಕುದಿಸಿ ಬಣ್ಣ ತರಿಸುವ ಸಾಹಸ ಯಾರೂ ಮಾಡಬಾರದು. ಅದು ನುರಿತ ಕೈಯ ಕೆಲಸ.

ತಂದದ್ದನ್ನು ಅಂದೇ ದಾಖಲಿಸಬೇಕು. ಎತ್ತರ, ಅಗಲ, ಅಂಚಿನಲ್ಲೂ ತೂತಿನ ಬಳಿಯಲ್ಲೂ ದಪ್ಪ, ತೂಕ, ಓರೆ ಬೆಳಕಿನಲ್ಲಿ ಎರಡೂ ಮುಖದ ಫೋಟೊ. ತೆಳುವಾದ ವಾಶಿ ಎಂಬ ಜಪಾನಿ ಕಾಗದ ಹಾಸಿ ಮೇಣದ ಮಸಿಯಿಂದ ಉಜ್ಜಿ ಅಚ್ಚು ತೆಗೆದರೆ ಫೋಟೊದಲ್ಲಿ ಕಾಣದ ಚಾಣದ ಗುರುತೂ ಮೂಡುತ್ತದೆ. ಇಡುವುದು ಜಪಾನಿನಲ್ಲಿ ‘ಕಿರಿ’ ಎನ್ನುವ ಪೌಲೋನಿಯ ಮರದ ಪೆಟ್ಟಿಗೆಯಲ್ಲಿ. ಮಂಗಳೂರು, ಕಾರವಾರದಂಥ ಊರಿನ ಮಳೆಗಾಲಕ್ಕೆ ಅದರ ಜೊತೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಎರಡೂ ಬೇಕು. ತಯಾರಿಸಿದ ಮನೆತನದ ಹೆಸರನ್ನು ಮುಂದೆ ತಿದ್ದಬೇಕಾಗಬಹುದು, ಪೆನ್ಸಿಲಿನಲ್ಲೇ ಬರೆಯಿರಿ. ಕೊಕ್ಕರೆಯ ತ್ಸುಬದ ಚೀಟಿಯಲ್ಲಿ ಈಗ ಇರುವುದು ಇಷ್ಟು: ಕಬ್ಬಿಣ, ಮೂರು ಪದರ, ಸಹಿ ಇಲ್ಲ, ಬಲ ಕಂಡಿ ಆಮೇಲಿನದು, ಅಲಗು ಎರಡು ಅಥವಾ ಹೆಚ್ಚು, ಬಹುಶಃ ಅಕಸಾಕ.